ಹೊಸಬ ಅಂದರೆ ಯಾರು? ಮನೆ ಗುಂಪಿನಲ್ಲಿ ಭಾನುವಾರದ ವಾದ

ತಮ್ಮ: ಲ್ಯಾಟಿನ್ ಗ್ರ್ಯಾಮಿಯಲ್ಲಿ, ಅಂದರೆ ಸ್ಪ್ಯಾನಿಷ್, ಪೋರ್ಚುಗೀಸ್ ಸಂಗೀತಕ್ಕೆ ಕೊಡುವ ಪ್ರಶಸ್ತಿಗಳಲ್ಲಿ, ಹೊಸ ಕಲಾವಿದ ಪ್ರಶಸ್ತಿ ಗೆದ್ದವರ ಪಟ್ಟಿ ಹಾಕಿದ್ದೇನೆ. 2001ರ ಹೆಸರು ನೋಡಿ, ಹುವಾನೆಸ್. ಕೊಲಂಬಿಯಾದ ರಾಕ್ ಗಾಯಕ. ಹಾಡೂ ಕಳಿಸಿದ್ದೇನೆ, ಕೇಳಿ.

ದೊಡ್ಡಪ್ಪ: ಕೇಳಿದೆ. ಗಿಟಾರ್ ಚೆನ್ನಾಗಿದೆ. ಆದರೆ ಇವನು ಹೊಸಬ ಹೇಗಾಗುತ್ತಾನೆ? 1988ರಲ್ಲೇ ಮೆಡೆಯಿನ್ ಊರಿನಲ್ಲಿ ಎಕಿಮೋಸಿಸ್ ಅಂತ ಮೆಟಲ್ ಬ್ಯಾಂಡ್, ಅಂದರೆ ಅಬ್ಬರದ ರಾಕ್ ಬ್ಯಾಂಡ್ ಕಟ್ಟಿದವನು. ಆಲ್ಬಂ ಮೇಲೆ ಆಲ್ಬಂ ಬಂದಿವೆ. ಈಗಷ್ಟೇ ಶುರು ಮಾಡಿದ ಹುಡುಗರಿಗೆ ಸಿಗಬೇಕಾದ್ದು ಅಲ್ವಾ ಇದು?

ಅಕ್ಕ: ನನಗೂ ಹಾಗೇ ಅನ್ನಿಸಿತು.

ನಾನು: ದೊಡ್ಡಪ್ಪ, ಬ್ಯಾಂಡ್ ಹಳೆಯದು ನಿಜ. ಆದರೆ ಅದನ್ನು ಬಿಟ್ಟು ಅವರು ಒಬ್ಬರೇ ಲಾಸ್ ಏಂಜಲೀಸ್‌ಗೆ ಹೋದರು. ಅಲ್ಲಿ ಅವರನ್ನು ಕೇಳುವವರೇ ಇರಲಿಲ್ಲ. ಮಾಡಿಟ್ಟುಕೊಂಡಿದ್ದ ಡೆಮೊ ರೆಕಾರ್ಡಿಂಗ್ ಕೊನೆಗೆ ಸಂಗೀತ ನಿರ್ಮಾಪಕ ಗುಸ್ತಾವೊ ಸಾಂತಾವೊಲಾಯಾ ಕೈಗೆ ಸಿಕ್ಕಿತು. 2000ದಲ್ಲಿ ಮೊದಲ ಸ್ವಂತ ಆಲ್ಬಂ ಬಂತು. ಹೆಸರೂ ಹುವಾನ್ ಎಸ್ತೆಬಾನ್ ಹೋಗಿ ಹುವಾನೆಸ್ ಆಗಿತ್ತು. ಈ ಪ್ರಶಸ್ತಿಗೆ ಲೆಕ್ಕ ಹಾಡಲು ಶುರು ಮಾಡಿದ ವರ್ಷ ಅಲ್ಲ, ಜನರ ಕಣ್ಣಿಗೆ ಬಿದ್ದ ವರ್ಷ.

ದೊಡ್ಡಪ್ಪ: ಊರು ಬದಲಾಯಿಸಿದರೆ ಹೊಸಬನಾ? ನಾನು ಬ್ಯಾಂಕಿನಲ್ಲಿ ಆರು ಬ್ರಾಂಚ್ ಸುತ್ತಿದೆ. ಸರ್ವಿಸ್ ಪ್ರತಿ ಸಲ ಸೊನ್ನೆಯಿಂದ ಎಣಿಸಲಿಲ್ಲ.

ಅತ್ತೆ: ಹಾಡು ಏನು ಹೇಳುತ್ತದೆ ಅಂತ ಯಾರಾದರೂ ಹೇಳ್ರೋ.

ತಮ್ಮ: 'ಫೀಹಾತೆ ಬಿಯೆನ್', ಅಂದರೆ ಚೆನ್ನಾಗಿ ನೋಡಿಕೋ. ಕೊಲಂಬಿಯಾದಲ್ಲಿ ನೆಲದಡಿ ಹೂತಿಟ್ಟ ಬಾಂಬುಗಳ ಬಗ್ಗೆ ಅತ್ತೆ. ಎಲ್ಲಿ ಹೆಜ್ಜೆ ಇಡುತ್ತೀಯ ನೋಡಿಕೋ ಅಂತ.

ಅತ್ತೆ: ಅಯ್ಯೋ. ಹೊಲಕ್ಕೆ ಹೋಗುವವರು ಏನು ಮಾಡುತ್ತಾರೋ. ಇನ್ನೊಂದು ಸಲ ಕೇಳುತ್ತೇನೆ.

ನಾನು: ಆ ವರ್ಷ ಅವರಿಗೆ ಏಳು ನಾಮನಿರ್ದೇಶನ. ಸಮಾರಂಭ ಇದ್ದದ್ದು 2001ರ ಸೆಪ್ಟೆಂಬರ್ 11ಕ್ಕೆ. ಬೆಳಿಗ್ಗೆ ನ್ಯೂಯಾರ್ಕ್ ಮೇಲೆ ದಾಳಿ ಆಯಿತು, ಎಲ್ಲ ರದ್ದು. ಅಕ್ಟೋಬರ್ 30ಕ್ಕೆ ಒಂದು ಪತ್ರಿಕಾಗೋಷ್ಠಿಯಲ್ಲಿ ಪ್ರಶಸ್ತಿ ಘೋಷಿಸಿದರು. ಅವರಿಗೆ ಮೂರು ಬಂತು: ಹೊಸ ಕಲಾವಿದ, ರಾಕ್ ಆಲ್ಬಂ, ರಾಕ್ ಹಾಡು.

ದೊಡ್ಡಪ್ಪ: ರಾಕ್ ಆಲ್ಬಂ, ರಾಕ್ ಹಾಡು ಎರಡೂ ಕೊಡಲಿ, ನನ್ನ ತಕರಾರಿಲ್ಲ. ಆ ಎರಡು ಸಿಕ್ಕವನಿಗೆ ಮೂರನೆಯದು ಯಾಕೆ? ಅದೊಂದನ್ನು ಇನ್ನೊಬ್ಬನಿಗೆ ಬಿಡಬಹುದಿತ್ತು.

ಇದಕ್ಕೆ ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಪಟ್ಟಿಯನ್ನು ಮತ್ತೆ ತೆರೆದೆ.

ನಾನು: ಹಾಗಾದರೆ ಪಟ್ಟಿಯ ಮೊದಲ ಸಾಲು ನೋಡಿ ದೊಡ್ಡಪ್ಪ. 2000, ಇಬ್ರಾಹಿಂ ಫೆರೆರ್, ಕ್ಯೂಬಾ. ವಯಸ್ಸು 73. ಚಿಕ್ಕಂದಿನಿಂದ ಹಾಡುತ್ತಿದ್ದವರು. 1996ರಲ್ಲಿ ಹವಾನಾದ ಸ್ಟುಡಿಯೊಗೆ ಕರೆ ಬಂದಾಗ ಹಾಡು ಬಿಟ್ಟು ಬೂಟ್ ಪಾಲಿಶ್ ಮಾಡುತ್ತಿದ್ದರು. ಅವರಿಗೆ ಕೊಟ್ಟಿದ್ದೂ ತಪ್ಪಾ?

ದೊಡ್ಡಪ್ಪ: ಅವರಿಗೆ ಕೊಟ್ಟಿದ್ದು ಸರಿ.

ಅಕ್ಕ: ಅವರಿಗೆ ಸರಿ, ಹುವಾನೆಸ್‌ಗೆ ತಪ್ಪು ಹೇಗೆ ದೊಡ್ಡಪ್ಪ?

ದೊಡ್ಡಪ್ಪ: ಆ ಹಿರಿಯರನ್ನು ಎಲ್ಲರೂ ಮರೆತೇಬಿಟ್ಟಿದ್ದರು. ಇವನಿಗೆ ಊರಿನಲ್ಲಾದರೂ ಕೇಳುಗರಿದ್ದರು. ಅದು ಬೇರೆ, ಇದು ಬೇರೆ.

ನಾನು: ಮೆಡೆಯಿನ್‌ನಲ್ಲಿ ಇದ್ದರು. ಲಾಸ್ ಏಂಜಲೀಸ್‌ನಲ್ಲಿ ಒಬ್ಬರೂ ಇರಲಿಲ್ಲ. ಹತ್ತು ವರ್ಷದ ಹೆಸರು ಬಿಟ್ಟು ಹೋಗುವುದು ಸುಲಭ ಅಲ್ಲ. ನನ್ನ ಕೈಲಂತೂ ಆಗುತ್ತಿರಲಿಲ್ಲ.

ಅತ್ತೆ: ಮೂರು ಸಲ ಕೇಳಿದೆ. ಒಳ್ಳೇ ದನಿ.

ದೊಡ್ಡಪ್ಪ: ಆ ಹಳೇ ಬ್ಯಾಂಡಿನ ಹಾಡು ಸಿಕ್ಕರೆ ಕಳಿಸು ಮಗಾ. ಎರಡನ್ನೂ ಕೇಳಿ ರಾತ್ರಿ ಬರೆಯುತ್ತೇನೆ.

ತಮ್ಮ: ಹುಡುಕುತ್ತಿದ್ದೇನೆ ದೊಡ್ಡಪ್ಪ. ವಾಲ್ಯೂಮ್ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ, ಅದು ಮೆಟಲ್.