ಆಟಿಯ ಮಳೆಗೆ ಹೋದ ಗಿಡಗಳು: ಮತ್ತೆ ನೆಡಲೇ, ಬದಲಿಸಲೇ?
(ಕಾಸರಗೋಡು ಕಡೆಯ ಕೈತೋಟದವರ ಮಾತುಕತೆ; ಬರೆದವರಿಗೆ ಅವರವರ ಊರಿನ ಹೆಸರು.)

ಬದಿಯಡ್ಕ: ಈ ಆಟಿಯಲ್ಲಿ (ಜುಲೈ–ಆಗಸ್ಟಿನ ಜಡಿಮಳೆಯ ತುಳು ತಿಂಗಳು) ಕಟ್ಟೆಯ ತುಳಸಿ ಬುಡ ಕೊಳೆತು ಸತ್ತಿತು. ಕೊತ್ತಂಬರಿ ಮೊಳೆತಲ್ಲೇ ಮಲಗಿತು. ಕರಿಬೇವಿನಲ್ಲಿ ಬರೀ ಕಡ್ಡಿ ಉಳಿದಿದೆ. ಅವನ್ನೇ ಮತ್ತೆ ನೆಡಲೇ, ಬೇರೆ ಹಾಕಲೇ? ಅನುಭವ ಇದ್ದವರು ತಿಳಿಸಿ.

ನೀರ್ಚಾಲು: ಕೊತ್ತಂಬರಿಯ ಸುದ್ದಿ ನನ್ನ ಹತ್ತಿರ ಎತ್ತಬೇಡಿ ಅಕ್ಕ. ಕಳೆದ ವರ್ಷ ಗ್ರೋಬ್ಯಾಗ್ ಹನ್ನೆರಡಕ್ಕೆ 300 ರೂಪಾಯಿ, ತೆಂಗಿನ ನಾರಿನ ಪುಡಿಗೆ 180, ಬೇವಿನ ಹಿಂಡಿಗೆ 250, ಮಳೆ ತಡೆಯುವ ಶೀಟಿಗೆ 1,450, ಎಲ್ಲವನ್ನೂ ತಂದ ರಿಕ್ಷಾಕ್ಕೆ 120. ಒಟ್ಟು 2,300. ಕೊಯ್ದದ್ದು ಎರಡು ಹಿಡಿ, ಅದರಲ್ಲೂ ಅರ್ಧ ಹಳದಿ. ಜುಲೈಯ ಗಾಳಿ ಆ ಶೀಟನ್ನು ನೆರೆಮನೆಯ ತೋಟಕ್ಕೆ ಎಸೆದು ಮೂರು ಎಳೆ ಕಂಗು (ಅಡಿಕೆ ಮರ) ಮುರಿಯಿತು. ಅವರು ನಮ್ಮಲ್ಲಿ ಮಾತು ಬಿಟ್ಟು ವರ್ಷವಾಯಿತು. ನವೆಂಬರಿನವರೆಗೆ ಬೀಜದ ಡಬ್ಬಿಯನ್ನು ಇನ್ನು ನಾನು ಮುಟ್ಟುವವನಲ್ಲ.

ಉಪ್ಪಳ: ನಾನು ಕೊತ್ತಂಬರಿಯ ಆಸೆ ಬಿಟ್ಟು, ಅದೇ ವಾಸನೆಯ ಉದ್ದೆಲೆಯ ಆಫ್ರಿಕನ್ ಮಲ್ಲಿ (ಮಲಯಾಳದಲ್ಲಿ ಮಲ್ಲಿ ಎಂದರೆ ಕೊತ್ತಂಬರಿ) ನೆಟ್ಟೆ. ಬಾಳೆಯ ನೆರಳಲ್ಲಿ ನಾಲ್ಕು ವರ್ಷದಿಂದ ಇದೆ, ಯಾವ ಮಳೆಗೂ ಜಗ್ಗಲಿಲ್ಲ. ಹೂದಂಟು ಕಂಡ ಕೂಡಲೇ ಚಿವುಟಬೇಕು, ಇಲ್ಲವಾದರೆ ಎಲೆ ಬಲಿತು ಅಂಚಿನ ಮುಳ್ಳು ಬಾಯಿಗೆ ಸಿಗುತ್ತದೆ. ಸಾರಿಗೆ ಎರಡು ಎಲೆ ಸಾಕು. ಮಾವ ಇವತ್ತಿಗೂ ‘ತಿಗಣೆಯ ವಾಸನೆ’ ಎಂದು ಬಾಳೆಲೆಯ ಅಂಚಿಗೆ ಸರಿಸುತ್ತಾರೆ. ಸರಿಸಲಿ.

ಕುಂಬಳೆ: ಅದು ಆಫ್ರಿಕಾದ್ದಲ್ಲ, ಅಮೆರಿಕದ್ದು. ಮಲಯಾಳದಲ್ಲಿ ಹಾಗೆ ಹೇಳುತ್ತಾರೆಂದು ನಾವೂ ಹೇಳಬೇಕೇ? ಕಾಡು ಕೊತ್ತಂಬರಿ ಎನ್ನಿ.
ಕರಿಬೇವು ನನ್ನದು ಮೂರನೆಯದು. ಮೊದಲನೆಯದನ್ನು ನೆರೆಯವರ ದನ ತಿಂದಿತು, ಎರಡನೆಯದರ ಬುಡದ ಮುರಕಲ್ಲಿನ ಹೊಂಡದಲ್ಲಿ ನೀರು ನಿಂತಿತು. ಮೂರನೆಯದರ ಚಿಗುರಿನಲ್ಲಿ ಹಕ್ಕಿಯ ಹಿಕ್ಕೆಯೆಂದುಕೊಂಡದ್ದು ವಾರ ಕಳೆಯುವಾಗ ಹೆಬ್ಬೆರಳು ಗಾತ್ರದ ಹಸಿರು ಹುಳ! ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಎರಡು ಕೊಂಬು ಚಾಚಿ ನಾರುತ್ತದೆ. ಅಂಗಡಿಯಿಂದ ಮದ್ದು ತಂದು ಹೊಡೆದೆ, ಸತ್ತಿತು.

ಉಪ್ಪಳ: ಹೆಸರು ನಿಮ್ಮಿಷ್ಟ. ಗಿಡ ನನ್ನಲ್ಲಿದೆ, ನಿಮ್ಮಲ್ಲಿಲ್ಲ.

ಪಡ್ರೆ: ಮದ್ದಂತೆ! ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿಯುವಾಗಲೂ ನಮ್ಮಲ್ಲಿ ಅದಕ್ಕೆ ಮದ್ದು ಎಂದೇ ಹೆಸರು. ಸುಪ್ರೀಂ ಕೋರ್ಟು ಆ ಕೀಟನಾಶಕವನ್ನು ದೇಶದಲ್ಲೆಲ್ಲ ನಿಷೇಧಿಸಿದ್ದು 2011ರಲ್ಲಿ. ಅಷ್ಟರಲ್ಲಿ ನಮ್ಮ ಸುತ್ತ ಎಷ್ಟು ಮನೆಗಳಲ್ಲಿ ಮಕ್ಕಳು ಹಾಸಿಗೆಯಿಂದ ಏಳದಾಗಿದ್ದರು! ಒಗ್ಗರಣೆಯ ಸೊಪ್ಪಿಗೆ ವಿಷ ಹೊಡೆದದ್ದನ್ನು ಸಾಧನೆಯಂತೆ ಬರೆಯುತ್ತೀರಲ್ಲ. ಆ ಹುಳ ಚಿಟ್ಟೆಯಾಗುವಂಥದ್ದು. ನಾನು ಬೆಳಗ್ಗೆ ಚಹಾಕ್ಕೆ ಮೊದಲು ಹೆಕ್ಕಿ ನಿಂಬೆ ಗಿಡಕ್ಕೆ ಬಿಡುತ್ತೇನೆ, ಅಲ್ಲಿಯೂ ತಿನ್ನುತ್ತದೆ. ನಿಂಬೆ ಬೋಳಾಗಿದೆ, ಹೌದು.

ಕುಂಬಳೆ: ಹೊಡೆದದ್ದು ಒಂದೇ ಸಲ, ಆಮೇಲೆ ತಿಂಗಳು ಸೊಪ್ಪು ಮುಟ್ಟಲಿಲ್ಲ. ನಿಮ್ಮ ಅಡಿಕೆಗೆ ನೀವು ಮದ್ದು ಬಿಡುವುದಿಲ್ಲವೇ?

ಪಡ್ರೆ: ಅಡಿಕೆಯ ಕೊಳೆರೋಗಕ್ಕೆ ಬಿಡುವ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣಕ್ಕೂ ಹುಳದ ವಿಷಕ್ಕೂ ವ್ಯತ್ಯಾಸ ತಿಳಿಯದವರಲ್ಲಿ ಮಾತಿಲ್ಲ.

ಬದಿಯಡ್ಕ: ತುಳಸಿಯ ಬಗ್ಗೆ ಯಾರೂ ಹೇಳಲಿಲ್ಲ.

ನೀರ್ಚಾಲು: ತುಳಸಿಗೆ ಕಟ್ಟೆಯ ಹಳೆ ಮಣ್ಣು ಪೂರ್ತಿ ತೆಗೆದು, ಅಡಿಗೆ ಜಲ್ಲಿ ಹಾಕಿ, ನೀರು ಹೋಗಲು ತೂತು ಇದೆಯೇ ನೋಡಿ. ಮೇಲೆ ಮರೆ ಬೇಕೆನಿಸಿದರೆ ಹೊಸ ಶೀಟ್ ತರಬೇಡಿ. ನನ್ನದು ಅಟ್ಟದಲ್ಲಿದೆ, ಒಂದು ಮೂಲೆ ಮಾತ್ರ ಹರಿದಿದೆ, 900ಕ್ಕೆ ಕೊಡುತ್ತೇನೆ.