ಗ್ರೀಸ್ ಗನ್ ಇಟ್ಟಲ್ಲೇ ಎಣ್ಣೆ ಬಿಡ್ತಿದೆ, ನಿಪ್ಪಲ್ ಹತ್ರಾನೂ ಸೋರ್ತಿದೆ

ರೋಟವೇಟರ್ ಹಾವೇರಿ
ಎಲ್ಲಾರಿಗೂ ನಮಸ್ಕಾರ್ರಿ. ಟ್ರ್ಯಾಕ್ಟರ್‌ಗೆ, ರೋಟವೇಟರ್‌ಗೆ ಗ್ರೀಸ್ ಹೊಡಿಯಾಕ ಲಿವರ್ ಗನ್ ಇಟ್ಕೊಂಡೀನಿ. ಎಪಿ3 ಗ್ರೀಸ್, ಡಬ್ಬಿಯಿಂದ ಕೈಲೇ ತುಂಬೋದು. ಎರಡು ತೊಂದ್ರಿ ಅದಾವ. ಶೆಡ್ಡಿನಾಗ ಮಲಗಿಸಿಟ್ರ ಬೆಳಗಾಗೋದ್ರಾಗ ಹಿಂದಿನ ಮುಚ್ಚಳದ ಕಡೆಯಿಂದ ತೆಳ್ಳನ ಎಣ್ಣಿ ಬಂದು ಹಲಗಿ ಎಲ್ಲಾ ಜಿಡ್ಡು. ಇನ್ನೊಂದು, ಹೊಡಿಯೋವಾಗ ಅರ್ಧ ಗ್ರೀಸ್ ನಿಪ್ಪಲ್ (ಮಷೀನಿಗೆ ಗ್ರೀಸ್ ಹೋಗೋ ಸಣ್ಣ ಮೂತಿ) ಒಳಗ ಹೋಗದ ಪಕ್ಕಕ್ಕ ಬರ್ತೈತಿ. ಅಂಗಡ್ಯಾಗ ಹೊಸಾ ಗನ್ ತಗೋರಿ ಅಂತಾರ. ತಗೋಬೇಕೇನ್ರಿ?

ಬನಿಯನ್ ವೇಸ್ಟ್
ಈಗಲೇ ದುಡ್ಡು ಹಾಕ್ಬೇಡಿ ಸರ್. ಹಿಂದಿನಿಂದ ಬರ್ತಿರೋದು ಗ್ರೀಸ್ ಅಲ್ಲ, ಗ್ರೀಸಿನಿಂದ ಬೇರೆಯಾದ ಎಣ್ಣೆ. ಎಪಿ3 ಅಂದ್ರೆ ಸಾಮಾನ್ಯವಾಗಿ ಲಿಥಿಯಂ ಸೋಪು ಎಣ್ಣೆಯನ್ನ ಹಿಡಿದಿಟ್ಟಿರೋ ಮುದ್ದೆ. ಗನ್ ಒಳಗಿನ ಸ್ಪ್ರಿಂಗ್ ಹಗಲೂ ರಾತ್ರಿ ಅದನ್ನ ಒತ್ತುತ್ತಾನೇ ಇದ್ರೆ ಎಣ್ಣೆ ಹಿಂಡಿಕೊಂಡು ಪ್ಲಂಜರಿನ (ಒಳಗೆ ಗ್ರೀಸ್ ತಳ್ಳೋ ಬಿಲ್ಲೆ) ರಬ್ಬರ್ ಪಕ್ಕದಿಂದ ಹಿಂದಕ್ಕೆ ನುಸುಳುತ್ತೆ. ತಗಡಿನ ಶೆಡ್, ಏಪ್ರಿಲ್ ಬಿಸಿಲು ಸೇರಿದ್ರೆ ಇನ್ನೂ ಜಾಸ್ತಿ.

ಕೆಲಸ ಮುಗಿದ ಮೇಲೆ ಹಿಂದಿನ ರಾಡ್ ಪೂರ್ತಿ ಎಳೆದು ಮುಚ್ಚಳದ ಸೀಳಿಗೆ ಸಿಗಿಸಿಡಿ. ಸುಮ್ನೆ ಎಳೆದ್ರೆ ಕೆಲವು ಗನ್ನಲ್ಲಿ ರಾಡ್ ಒಂದೇ ಬರುತ್ತೆ, ಪ್ಲಂಜರ್ ಅಲ್ಲೇ ಉಳಿಯುತ್ತೆ. ಸ್ವಲ್ಪ ಪಕ್ಕಕ್ಕೆ ವಾಲಿಸಿ ಎಳೀರಿ, ಹಿಡಿದುಕೊಂಡಾಗ ಕೈಗೆ ಸ್ಪ್ರಿಂಗಿನ ಭಾರ ಗೊತ್ತಾಗುತ್ತೆ.

ತೋಟದ ಮನೆ
ಹಾಗೆ ಎಳೆದಿಟ್ಟರೆ ಮಾರನೇ ಸಲ ಗಾಳಿ ಹಿಡಿಯುತ್ತದೆ ಮಾರಾಯ್ರೇ. ಲಿವರ್ ಒತ್ತಿದ್ದೇ ಬಂತು, ಗ್ರೀಸ್ ಬರುವುದಿಲ್ಲ. ನಾನು ರಾಡ್ ಮುಟ್ಟುವುದಿಲ್ಲ. 75 ಎಂಎಂ ಪಿವಿಸಿ ಪೈಪಿನ ತುಂಡಿಗೆ ಅಡಿಯಲ್ಲಿ ಎಂಡ್ ಕ್ಯಾಪ್ ಹಾಕಿ ಗೋಡೆಗೆ ಕ್ಲ್ಯಾಂಪ್ ಮಾಡಿದ್ದೇನೆ. ಗನ್ ತಲೆ ಮೇಲಾಗಿ ಅದರೊಳಗೆ ನಿಲ್ಲುತ್ತದೆ. ಪಕ್ಕದಲ್ಲಿ 32 ಎಂಎಂ ತುಂಡು, ಅದಕ್ಕೆ ಹೋಸಿನ ತುದಿ. ಸೋರಿದ್ದು ಕ್ಯಾಪಿನಲ್ಲಿ ಉಳಿಯುತ್ತದೆ, ನೆಲಕ್ಕೆ ಬೀಳುವುದಿಲ್ಲ.

ಇನ್ನೊಂದು: ಒಂದು ಹೊಸ ನಿಪ್ಪಲ್ ತಂದು ಕಪ್ಲರ್ (ಹೋಸಿನ ತುದಿಯಲ್ಲಿ ನಿಪ್ಪಲ್ ಹಿಡಿಯುವ ಮೂತಿ) ಬಾಯಿಗೆ ಸಿಕ್ಕಿಸಿಡಿ. ಧೂಳೂ ಹೋಗುವುದಿಲ್ಲ, ತೊಟ್ಟಿಕ್ಕುವುದೂ ಕಡಿಮೆ. ಪ್ಲಾಸ್ಟಿಕ್ ಕವರ್ ಕಟ್ಟಿ ರಬ್ಬರ್ ಹಾಕುವುದಕ್ಕಿಂತ ಸಾವಿರ ಪಾಲು ವಾಸಿ.

ಬನಿಯನ್ ವೇಸ್ಟ್
ನಿಪ್ಪಲ್ ಉಪಾಯ ಸೂಪರ್. ಪೈಪೂ ಸರಿ, ಆದ್ರೆ ಅದು ಸೋರಿದ್ದನ್ನ ಹಿಡಿಯುತ್ತೆ ಅಷ್ಟೇ, ಸೋರೋದನ್ನ ನಿಲ್ಲಿಸಲ್ಲ. ಎಣ್ಣೆ ಹೋಗಿ ಉಳಿದ ಗ್ರೀಸ್ ಗಟ್ಟಿಯಾಗುತ್ತೆ, ಬೇರಿಂಗಿಗೆ ಅದು ಒಳ್ಳೇದಲ್ಲ. ದಿನಾ ಬಳಸೋರು ರಾಡ್ ಹಾಗೇ ಬಿಡಲಿ. ವಾರಗಟ್ಟಲೆ ಇಡೋರು ಎಳೆದಿಡಲಿ, ಗಾಳಿ ಹಿಡಿದ್ರೆ ತಲೆಭಾಗವನ್ನ ಒಂದು ಸುತ್ತು ಸಡಿಲ ಮಾಡಿ, ರಾಡ್ ಬಿಟ್ಟು ಲಿವರ್ ಒತ್ತಿದ್ರಾಯ್ತು. ಗಾಳಿ ಬಿಡೋ ಸ್ಕ್ರೂ ಇದ್ರೆ ತಲೆ ಸಡಿಲ ಮಾಡೋದೂ ಬೇಡ, ಸ್ಕ್ರೂ ಸಡಿಲಿಸಿದ್ರೆ ಸಾಕು.

ಗಾಳಿಯ ಅರ್ಧ ಕಾಟ ಕೈಲಿ ತುಂಬೋದ್ರಿಂದ. ತಲೆ ಬಿಚ್ಚಿ, ಬ್ಯಾರಲ್ಲಿನ ಬಾಯನ್ನ ಡಬ್ಬಿಯ ಗ್ರೀಸಿನೊಳಗೆ ಅದ್ದಿ, ರಾಡನ್ನ ನಿಧಾನಕ್ಕೆ ಎಳೀರಿ. ಸಿರಿಂಜ್ ಥರ ತಾನೇ ತುಂಬಿಕೊಳ್ಳುತ್ತೆ. ಎಳೆಯುವಾಗ ಬ್ಯಾರಲ್ಲನ್ನ ಇನ್ನಷ್ಟು ಕೆಳಗೆ ಒತ್ತುತ್ತಾ ಹೋಗಿ, ಬಾಯಿ ಗ್ರೀಸಿನಿಂದ ಮೇಲೆ ಬಂದ್ರೆ ಗಾಳಿ ಎಳೆದುಕೊಳ್ಳುತ್ತೆ. ಕೈಯೂ ಮೊಣಕೈವರೆಗೆ ಕರ್ರಗಾಗಲ್ಲ.

ರೋಟವೇಟರ್ ಹಾವೇರಿ
ಇದು ಚಲೋ ಆತ್ರಿ. ಪಕ್ಕಕ್ಕ ಬರೋದಕ್ಕ ಏನ್ ಮಾಡ್ಲಿ?

ಬನಿಯನ್ ವೇಸ್ಟ್
ಮೊದಲು ನಿಪ್ಪಲ್ ಒರೆಸಿ. ಮೇಲಿನ ಮಣ್ಣು ಸಮೇತ ಗ್ರೀಸ್ ಒಳಗೆ ತಳ್ಳಿದ್ರೆ ಕ್ರಾಸ್ (ಶಾಫ್ಟಿನ ಕೀಲಿನೊಳಗಿನ ಕೂಡು ಆಕಾರದ ಭಾಗ) ಸವೆಯೋಕೆ ನೀವೇ ಮರಳು ಹಾಕಿದಂಗೆ. ಕಪ್ಲರನ್ನ ನೇರ ಕೂರಿಸಿ, ಟಕ್ ಅಂತ ಹಿಡೀಬೇಕು. ಸಡಿಲ ಇದ್ರೆ ಅದರ ಮೂತಿಯ ನಟ್ ಕಾಲು ಸುತ್ತು ಬಿಗಿ ಮಾಡಿ, ಒಳಗಿನ ದವಡೆಗಳು ಹತ್ತಿರ ಬರ್ತವೆ. ಅದಕ್ಕೂ ಬಗ್ಗದಿದ್ರೆ ಕಪ್ಲರ್ ಒಂದೇ ಬದಲಾಯಿಸಿ. ಪೂರ್ತಿ ಗನ್ ಮಾರೋದು ಅಂಗಡಿಯವರಿಗೆ ಲಾಭ, ನಿಮಗಲ್ಲ. ತೆಗೆಯುವಾಗ ನೇರ ಜಗ್ಗಬೇಡಿ, ಓರೆ ಮಾಡಿದ್ರೆ ಒತ್ತಡ ಇಳಿದು ಬಿಟ್ಟುಕೊಳ್ಳುತ್ತೆ.

ಹೋಸ್ ಎಲ್ಲಾದ್ರೂ ಸೀಳಿದ್ರೆ ಆ ಜಾಗ ಕೈಲಿ ಮುಚ್ಚಿ ಲಿವರ್ ಒತ್ತಬೇಡಿ. ಕೈ ಗನ್ನಲ್ಲೂ ಸಾವಿರಾರು ಪಿಎಸ್‌ಐ ಒತ್ತಡ ಹುಟ್ಟುತ್ತೆ. ಗ್ರೀಸ್ ಚರ್ಮದೊಳಗೆ ಹೊಕ್ಕರೆ ಮೇಲೆ ಸೂಜಿ ಚುಚ್ಚಿದಷ್ಟೇ ಕಾಣುತ್ತೆ, ನೋವೂ ಮೊದಲು ಇರದೇ ಇರಬಹುದು. ಆದ್ರೂ ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ, ಬೆರಳೇ ಹೋಗೋ ಕೇಸು ಅದು.

ರೋಟವೇಟರ್ ಹಾವೇರಿ
ರಾಡ್ ಎಳದಿಟ್ಟ ಮ್ಯಾಲ ಹಲಗಿ ಒಣಾ ಐತ್ರಿ. ಕಪ್ಲರ್ ಬಿಗಿ ಮಾಡಿದೆ, ಬಾಕಿ ನಿಪ್ಪಲ್ ಎಲ್ಲಾ ತಗೊಂತಾವ. ಟ್ರ್ಯಾಕ್ಟರ್‌ನಿಂದ ರೋಟವೇಟರ್ ತಿರುಗಿಸೋ ಪಿಟಿಓ ಶಾಫ್ಟಿನ ಒಂದು ಕ್ರಾಸ್ ಮಾತ್ರ ತಗೊಳವಲ್ದು, ಲಿವರ್ ಕಲ್ಲಿನಂಗ ನಿಂತೈತಿ.

ತೋಟದ ಮನೆ
ಅದು ಗನ್ನಿನ ದೋಷ ಅಲ್ಲ. ತೆಳ್ಳನೆಯ ತಂತಿಯಿಂದ ನಿಪ್ಪಲ್ಲಿನ ಗುಂಡು ಒತ್ತಿ ನೋಡಿ, ವಾಪಸ್ ಪುಟಿಯದಿದ್ದರೆ ನಿಪ್ಪಲ್ ಹೋಗಿದೆ, ಬದಲಾಯಿಸಿ. ಪುಟಿದರೆ ನಿಪ್ಪಲ್ ಬಿಚ್ಚಿ ತೂತಿಗೆ ಡೀಸೆಲ್ ಬಿಟ್ಟು ಒಂದು ರಾತ್ರಿ ಇಡಿ. ಟ್ರ್ಯಾಕ್ಟರ್ ಎಂಜಿನ್ ಆಫ್ ಮಾಡಿ ಕೀ ಜೇಬಿಗೆ ಹಾಕಿಕೊಂಡ ಮೇಲೆ ಶಾಫ್ಟ್ ಕೈಯಲ್ಲಿ ಆ ಕಡೆ ಈ ಕಡೆ ವಾಲಿಸಿ, ಮತ್ತೆ ಹೊಡೆಯಿರಿ. ಕ್ರಾಸಿನ ನಾಲ್ಕೂ ಸೀಲಿನ ಅಂಚಲ್ಲಿ ಹೊಸ ಗ್ರೀಸ್ ಕಂಡ ಕೂಡಲೇ ನಿಲ್ಲಿಸಿ.