ಕಾಲುಬಾಯಿ ಲಸಿಕೆ ಹಾಕಿದ ಜಾಗದಲ್ಲಿ ಗಂಟು: ಎಣ್ಣೆ ಅಡ್ಜುವೆಂಟ್ ಕಾರಣವೇ?

ಹಟ್ಟಿಹಸು (ಪ್ರಶ್ನೆ)

ಕಾಲುಬಾಯಿ ಜ್ವರದ ಲಸಿಕೆ ಸುತ್ತು ಮುಗಿದ ಮೇಲೆ ಕೆಲವು ಮಿಶ್ರತಳಿ ಹಸುಗಳ ಕುತ್ತಿಗೆಯಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು ನಿಂತಿದೆ. ಒಂದೇ ಬಾಟಲಿಯ ಮದ್ದು, ಒಂದೇ ದಿನ ಹಾಕಿದ್ದು. ಆದರೂ ಪಕ್ಕದಲ್ಲೇ ಕಟ್ಟಿದ್ದ ಹಸುವಿಗೆ ಏನೂ ಆಗಿಲ್ಲ. ಮುಂದಿನ ಸುತ್ತಿಗೆ ಹಾಕಿಸುವುದಿಲ್ಲ ಎಂದು ರೈತರು ಪಟ್ಟು ಹಿಡಿದಿದ್ದಾರೆ. ಎಣ್ಣೆ ಲಸಿಕೆಯ ಬದಲು ಜೆಲ್ ಲಸಿಕೆ ಹಾಕಿದರೆ ಆಗದೇ? ಎಣ್ಣೆ ದಪ್ಪ ಅನ್ನಿಸಿದಾಗ ಸಲೈನ್ ಬೆರೆಸಬಹುದೇ? ಕುರಿಗಳ ಕರುಳುಬೇನೆ ಲಸಿಕೆಯ ಒಂದು ಬಾಟಲಿ ಐಸ್‌ಗೆ ತಾಗಿ ಹೆಪ್ಪುಗಟ್ಟಿತ್ತು, ಈಗ ಕರಗಿ ನೋಡಲು ಸರಿಯಾಗಿಯೇ ಇದೆ. ಅದನ್ನು ಬಳಸಬಹುದೇ?

ನೊಗ (ಉತ್ತರ)

ಮೊದಲು ಗಂಟಿನ ವಿಷಯ. ಕಾಲುಬಾಯಿ ಲಸಿಕೆಯಲ್ಲಿರುವುದು ಕೊಂದ ವೈರಸ್. ನಮ್ಮಲ್ಲಿ ಓ, ಎ, ಏಷ್ಯಾ-1 ಎಂಬ ಮೂರು ಬಗೆ ಸೇರಿಸಿರುತ್ತಾರೆ. ಸತ್ತ ವೈರಸ್ಸನ್ನು ಬರಿದೇ ಚುಚ್ಚಿದರೆ ದೇಹ ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಅಡ್ಜುವೆಂಟ್ ಆಗಿ, ಅಂದರೆ ಲಸಿಕೆಯ ಪರಿಣಾಮ ಹೆಚ್ಚಿಸುವ ವಸ್ತುವಾಗಿ, ಎಣ್ಣೆ ಬೆರೆಸುತ್ತಾರೆ. ಎಣ್ಣೆ ವೈರಸ್ಸನ್ನು ಚುಚ್ಚಿದ ಜಾಗದಲ್ಲೇ ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ, ಜೊತೆಗೆ ಅಲ್ಲಿ ಸಣ್ಣ ಉರಿಯೂತ ಎಬ್ಬಿಸಿ ರೋಗನಿರೋಧಕ ಕೋಶಗಳನ್ನು ಕರೆತರುತ್ತದೆ. ಅಂದರೆ ಸ್ವಲ್ಪ ಊತ ಬರುವುದು ಲಸಿಕೆ ಕೆಲಸ ಮಾಡುವ ರೀತಿಯಲ್ಲೇ ಇದೆ. 1920ರ ದಶಕದಲ್ಲಿ ಫ್ರಾನ್ಸಿನ ಪಶುವೈದ್ಯ ಗ್ಯಾಸ್ಟನ್ ರಮೋನ್ ಕಂಡುಕೊಂಡದ್ದೂ ಇದನ್ನೇ: ಚುಚ್ಚಿದ ಜಾಗದಲ್ಲಿ ಊತ ಬಂದ ಕುದುರೆಗಳ ರಕ್ತದಲ್ಲಿ ಪ್ರತಿವಿಷ (ರೋಗಾಣುವಿನ ವಿಷವನ್ನು ತಡೆಯುವ ಅಂಶ) ಹೆಚ್ಚು ಸಿಗುತ್ತಿತ್ತು. ಹಾಗಾಗಿ ಅವರು ಟ್ಯಾಪಿಯೋಕಾದಂಥ ವಸ್ತುವನ್ನು ಬೇಕೆಂದೇ ಬೆರೆಸಿ ನೋಡಿದರು. ಇದೇ ಕೆಲಸಕ್ಕೆ ಬ್ರಿಟನ್ನಿನ ವಿಜ್ಞಾನಿ ಗ್ಲೆನ್ನಿ ಅಲ್ಯೂಮಿನಿಯಂ ಲವಣ ಬಳಸಿದ್ದು 1926ರಲ್ಲಿ.

ಆದರೆ ನಿಂಬೆ ಗಾತ್ರದ ಗಂಟು ಉಳಿದಿದೆ ಎಂದರೆ ನನ್ನ ಅನುಮಾನ ಲಸಿಕೆಗಿಂತ ಸೂಜಿಯ ಮೇಲೆ. ಎಣ್ಣೆ ಲಸಿಕೆ ಮಾಂಸಖಂಡದ ಆಳಕ್ಕೆ ಹೋಗಬೇಕು. ಅರ್ಧ ಇಂಚಿನ ಸೂಜಿ ಬಳಸಿದರೆ, ಅಥವಾ ಹಸು ಕೊಸರಿದಾಗ ಸೂಜಿ ಓರೆಯಾದರೆ, 2 ಎಂ.ಎಲ್. ಮದ್ದು ಚರ್ಮದಡಿಯಲ್ಲೇ ನಿಲ್ಲುತ್ತದೆ. ಗಂಟು ಕಣ್ಣಿಗೆ ಬೀಳುವುದು ಆಗಲೇ. ಒಂದೇ ಬಾಟಲಿಯಿಂದ ಹಾಕಿದ ಎರಡು ಹಸುಗಳ ನಡುವಿನ ವ್ಯತ್ಯಾಸಕ್ಕೂ ಬಹುಪಾಲು ಇದೇ ಕಾರಣ. ದೊಡ್ಡ ದನಕ್ಕೆ 16 ಅಥವಾ 18 ಗೇಜಿನ, 1ರಿಂದ 1.5 ಇಂಚಿನ ಸೂಜಿ ಬೇಕು. ಜಾಗ ಕುತ್ತಿಗೆಯ ನಡುಭಾಗ: ಹೆಗಲಿನ ಮುಂದೆ, ಮೇಲಂಚಿನ ಗಟ್ಟಿ ಪಟ್ಟಿಗಿಂತ ಕೆಳಗೆ, ಕತ್ತಿನ ಮೂಳೆಗಿಂತ ಮೇಲೆ. ಚರ್ಮಕ್ಕೆ ನೇರವಾಗಿ ಚುಚ್ಚಿ. ಒಂದು ರಾಸಿಗೆ ಒಂದು ಸೂಜಿ, ಅದರಲ್ಲಿ ರಾಜಿ ಬೇಡ. ಸಗಣಿ ಮೆತ್ತಿದ ಚರ್ಮದ ಮೇಲೆ ಚುಚ್ಚಿದರೆ ಗಂಟು ಕೀವಾಗುತ್ತದೆ.

ಕೊಟ್ಟಿಗೆಮನೆ (ಉತ್ತರ)

ಗಂಟು ಮತ್ತು ಕೀವುಗಡ್ಡೆ ಬೇರೆ ಬೇರೆ ಎಂಬುದನ್ನು ರೈತರಿಗೆ ತೋರಿಸಿಕೊಡಿ. ಎಣ್ಣೆಯ ಗಂಟು ಮೊದಲ ಎರಡು ಮೂರು ದಿನ ಬೆಚ್ಚಗಿದ್ದು, ಆಮೇಲೆ ತಣ್ಣಗಾಗಿ ಗಟ್ಟಿಯಾಗುತ್ತದೆ. ಒತ್ತಿದರೆ ಹಸು ಬೆದರುವುದಿಲ್ಲ. ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ ಕುಗ್ಗುತ್ತದೆ. ಅದನ್ನು ತಿಕ್ಕಬೇಡಿ, ಬರೆ ಹಾಕಬೇಡಿ, ಕೊಯ್ಯಬೇಡಿ. ದಿನದಿಂದ ದಿನಕ್ಕೆ ದೊಡ್ಡದಾಗಿ, ನಡುವೆ ಮೆತ್ತಗಾಗಿ, ಮುಟ್ಟಿದರೆ ನೋವಾಗಿ, ಜ್ವರವೂ ಇದ್ದರೆ ಅದು ಕೀವು. ವೈದ್ಯರು ಸೂಜಿಯಿಂದ ಎಳೆದು ಖಚಿತಪಡಿಸಿಕೊಂಡ ಮೇಲೆಯೇ ಕೊಯ್ಯಬೇಕು.

ಜೆಲ್ ಲಸಿಕೆ ಎಂದರೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ಕಾಲುಬಾಯಿಗೆ ಅದರ ಜೊತೆ ಸ್ಯಾಪೋನಿನ್. ಈ ಸ್ಯಾಪೋನಿನ್ ಚಿಲಿ ದೇಶದ ಕ್ವಿಲಾಯಾ ಮರದ ತೊಗಟೆಯಿಂದ ಬರುತ್ತದೆ. ಅದು ಕೂಡ ಚುಚ್ಚಿದ ಜಾಗವನ್ನು ಕೆರಳಿಸುತ್ತದೆ, ಹಾಗಾಗಿ ಊತವೇ ಇರದು ಎಂದು ರೈತರಿಗೆ ಮಾತು ಕೊಡಬೇಡಿ. ರಕ್ಷಣೆ ಎಣ್ಣೆ ಲಸಿಕೆಯಷ್ಟು ದಿನ ನಿಲ್ಲುವುದಿಲ್ಲ, ಹಂದಿಗಳಲ್ಲಂತೂ ಜೆಲ್ ಸರಿಯಾಗಿ ಹಿಡಿಯುವುದೇ ಇಲ್ಲ. ಆರು ತಿಂಗಳಿಗೊಂದು ಸುತ್ತು ಎಂಬ ಲೆಕ್ಕ ನಿಂತಿರುವುದು ಎಣ್ಣೆ ಲಸಿಕೆಯ ಮೇಲೆ. ಗಂಟಲುಬೇನೆಯಲ್ಲೂ ಹೀಗೇ: ಆಲಂ (ಅಲ್ಯೂಮಿನಿಯಂ ಲವಣದ) ಲಸಿಕೆ 4ರಿಂದ 6 ತಿಂಗಳು, ಎಣ್ಣೆಯದು 9ರಿಂದ 12 ತಿಂಗಳು.

ಅಂದಹಾಗೆ, ಚರ್ಮಗಂಟು ರೋಗಕ್ಕೆ ಹಾಕುವ ಮೇಕೆ ಸಿಡುಬಿನ ಲಸಿಕೆ ಜೀವಂತ ವೈರಸ್ಸಿನದು, ಅದರಲ್ಲಿ ಅಡ್ಜುವೆಂಟ್ ಇರುವುದಿಲ್ಲ. ಅದನ್ನು ಹಾಕಿದ ಮೇಲೆ ಗಂಟು ಬಂದರೆ ಎಣ್ಣೆಯನ್ನು ದೂರಬೇಡಿ.

ತಂಪುಪೆಟ್ಟಿಗೆ (ಉತ್ತರ)

ಸಲೈನ್ ಖಂಡಿತ ಬೇಡ. ಮಾಂಟನೈಡ್ ಐಎಸ್‌ಎ 206ನಂಥ ಎಣ್ಣೆಯಲ್ಲಿ ಮಾಡಿದ ಲಸಿಕೆ ನೀರಿನೊಳಗೆ ಎಣ್ಣೆಹನಿ, ಆ ಹನಿಯೊಳಗೆ ಮತ್ತೆ ನೀರಹನಿ ಎಂಬ ಎರಡು ಪದರದ ಮಿಶ್ರಣ. ಹೊರಗಿನಿಂದ ನೀರು ಸೇರಿಸಿದರೆ ಆ ಕಟ್ಟು ಸಡಿಲವಾಗುತ್ತದೆ, ಡೋಸ್ ಕೂಡ ಕಡಿಮೆಯಾಗುತ್ತದೆ. ಎಣ್ಣೆಯ ಗಂಟಲುಬೇನೆ ಲಸಿಕೆ ಚಳಿಗಾಲದಲ್ಲಿ ಸಿರಿಂಜಿಗೆ ಬಾರದಷ್ಟು ದಪ್ಪವಾದರೆ ದಪ್ಪ ಸೂಜಿ ಬಳಸಿ. ಬಾಟಲಿಯನ್ನು ಬಿಸಿನೀರಿಗೆ ಇಳಿಸಬೇಡಿ.

ಹೆಪ್ಪುಗಟ್ಟಿದ್ದ ಕರುಳುಬೇನೆ ಲಸಿಕೆಯನ್ನು ಎಸೆಯಿರಿ. ಹೆಪ್ಪುಗಟ್ಟಿದಾಗ ಅಲ್ಯೂಮಿನಿಯಂ ಜೆಲ್‌ನ ಕಣಗಳು ಒಂದಕ್ಕೊಂದು ಅಂಟಿಕೊಂಡು ಉಂಡೆಯಾಗುತ್ತವೆ, ಕರಗಿಸಿದರೂ ಮೊದಲಿನಂತಾಗುವುದಿಲ್ಲ. ಬರೀ ಅನುಮಾನವಿರುವ ಬಾಟಲಿಯಾದರೆ ಕುಲುಕು ಪರೀಕ್ಷೆ ಮಾಡಿ: ಅದೇ ಬ್ಯಾಚಿನ ಇನ್ನೊಂದು ಬಾಟಲಿಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿ, ಎರಡನ್ನೂ ಕುಲುಕಿ 30 ನಿಮಿಷ ಪಕ್ಕಪಕ್ಕ ನಿಲ್ಲಿಸಿ. ಅನುಮಾನದ ಬಾಟಲಿಯ ಗಸಿಯೂ ಅಷ್ಟೇ ಬೇಗ ತಳ ಸೇರಿದರೆ ಅದು ಹಾಳಾಗಿದೆ.

ನೊಗ

ಒಂದು ತಿದ್ದುಪಡಿ: ಈ ಪರೀಕ್ಷೆ ಜೆಲ್ ಲಸಿಕೆಗೆ ಮಾತ್ರ. ಎಣ್ಣೆಯದಕ್ಕೆ ಕಣ್ಣೇ ಅಳತೆ. ಮೇಲೆ ತೆಳುವಾಗಿ ಕೆನೆಗಟ್ಟಿ, ಮೆಲ್ಲಗೆ ತಲೆಕೆಳಗು ಮಾಡಿದಾಗ ಸೇರಿಕೊಂಡರೆ ಸರಿ. ತಳದಲ್ಲಿ ನೀರು ಬೇರೆಯಾಗಿ ನಿಂತು ಮತ್ತೆ ಬೆರೆಯದಿದ್ದರೆ ಬಳಸಬೇಡಿ. ಡೀಪ್ ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ನೇರವಾಗಿ ಪೆಟ್ಟಿಗೆಗೆ ಇಡುವುದರಿಂದಲೇ ಎರಡೂ ಬಗೆಯ ಲಸಿಕೆ ಕೆಡುತ್ತವೆ. ಪ್ಯಾಕ್ ಅಲ್ಲಾಡಿಸಿದಾಗ ಒಳಗೆ ನೀರು ಕುಲುಕುವ ಸದ್ದು ಬರುವವರೆಗೆ ಹೊರಗಿಡಿ. ಬಾಟಲಿಗೂ ಪ್ಯಾಕಿಗೂ ನಡುವೆ ರಟ್ಟು ಇರಲಿ.

ಲಸಿಕೆ ಹಾಕುವವರಿಗೂ ಒಂದು ಮಾತು. ಎಣ್ಣೆ ಲಸಿಕೆ ನಿಮ್ಮ ಬೆರಳಿಗೇ ಚುಚ್ಚಿಕೊಂಡರೆ ಬ್ಯಾಂಡೇಜ್ ಸುತ್ತಿ ಕೆಲಸ ಮುಂದುವರಿಸಬೇಡಿ. ಖನಿಜ ಎಣ್ಣೆ ಬೆರಳಿನ ಇಕ್ಕಟ್ಟಿನಲ್ಲಿ ಊತ ಎಬ್ಬಿಸಿ ರಕ್ತ ಓಡದಂತೆ ಮಾಡುತ್ತದೆ, ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು. ಮದ್ದಿನ ಪ್ರಮಾಣ ಎಷ್ಟೇ ಚಿಕ್ಕದಿರಲಿ, ನೋವು ಕಡಿಮೆ ಇರಲಿ, ಲಸಿಕೆಯ ಚೀಟಿ ಹಿಡಿದು ಕೂಡಲೇ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಹೋಗಿ. ಒಳಗೆ ಹೋಗಿರುವುದು ಖನಿಜ ಎಣ್ಣೆ ಎಂದು ಬಾಯಿಬಿಟ್ಟು ಹೇಳಿ, ಇಲ್ಲವಾದರೆ ಟಿಟಿ ಕೊಟ್ಟು ಮನೆಗೆ ಕಳಿಸುವ ಸಾಧ್ಯತೆಯೇ ಹೆಚ್ಚು.